ಕಾಂಟ್ರಾಕ್ಟರ್ ಇಲ್ಲದೆ ನಾವೇ ನಿಂತು ಮನೆ ಕಟ್ಟಿಸೋದು: ಪುಣೆಯಲ್ಲಿ ಯಾರಾದರೂ ಮಾಡಿದ್ದೀರಾ?

ಹೊಸ_ಪ್ಲಾಟು

ನಮಸ್ಕಾರ ಎಲ್ಲರಿಗೂ. ನಾವು ಗದಗಿನವರು, ಪುಣೆಗೆ ಬಂದು ಹನ್ನೊಂದು ವರ್ಷ ಆಯ್ತು. ವಾಘೋಲಿ ದಾಟಿ ಎರಡು ಗುಂಠೆ ಎನ್‌ಎ (ಕೃಷಿಯೇತರ) ಪ್ಲಾಟ್ ತಗೊಂಡಿದ್ದೀವಿ. ದಸರಾ ಆದ ಮೇಲೆ ಗುದ್ದಲಿಪೂಜೆ ಮಾಡೋಣ ಅಂತ ಇದ್ದೀವಿ. ಮೂರು ಜನ ಕಾಂಟ್ರಾಕ್ಟರನ್ನ ಕೇಳಿದೆ. ಮಾಲು ಸಹಿತ ಚದರಡಿಗೆ 2,100ರಿಂದ 2,400 ಹೇಳಿದರು. ಯಾವ ಸಿಮೆಂಟು, ಎಷ್ಟು ಸ್ಟೀಲು ಅಂತ ಕೇಳಿದರೆ ಮೂವರೂ "ಅದೆಲ್ಲ ನಮ್ಮ ಮೇಲೆ ಬಿಡಿ" ಅಂದರು. ನನಗದು ಸರಿ ಬರಲಿಲ್ಲ.

ಕಂಪನಿಯಲ್ಲಿ ನನಗೆ ಎರಡನೇ ಪಾಳಿ. ಮಧ್ಯಾಹ್ನ ಎರಡರವರೆಗೆ ಬಿಡುವು ಇರುತ್ತೆ. ಕೂಲಿ ಮಾತ್ರ ಗುತ್ತಿಗೆ ಕೊಟ್ಟು, ಮಾಲು ನಾನೇ ತಂದು, ಪ್ಲಂಬರ್, ಎಲೆಕ್ಟ್ರಿಷಿಯನ್, ಟೈಲ್ಸಿನವರನ್ನ ನಾನೇ ಹಚ್ಚಿದರೆ ಹೆಂಗೆ? ಎಷ್ಟು ಉಳಿಯುತ್ತೆ? ಅಪ್ಪ "ಬೇಡ, ನಿನಗೆ ಅದರ ಗಂಧಗಾಳಿ ಇಲ್ಲ" ಅಂತಿದ್ದಾರೆ. ಮಾಡಿದವರು ಹೇಳಿ.

ತಳೇಗಾವದ_ಮನೆ

ನಾನು ಮಾಡಿದ್ದೇನೆ. ತಳೇಗಾವ ದಾಭಾಡೆ, ನೆಲಮಹಡಿ ಮತ್ತು ಮೇಲೊಂದು ಮಹಡಿ, 1,800 ಚದರಡಿ. ಪೂಜೆಯಿಂದ ಗೃಹಪ್ರವೇಶದವರೆಗೆ 14 ತಿಂಗಳು ಹಿಡಿಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ನನಗೂ 2,100 ಹೇಳಿದ್ದರು. ಕೊನೆಗೆ ಲೆಕ್ಕ ಹಾಕಿದಾಗ ಚದರಡಿಗೆ 1,930 ಬಿತ್ತು, ಅಂದರೆ ಸುಮಾರು ಮೂರು ಲಕ್ಷ ಉಳಿಯಿತು. ಅದಕ್ಕೆ ಪ್ರತಿಯಾಗಿ 14 ತಿಂಗಳ ಭಾನುವಾರಗಳು ಹೋದವು, ನನ್ನ ಎಲ್ಲ ರಜೆ ಹೋಯಿತು, ಮಗಳ ಶಾಲೆಯ ಒಂದು ಕಾರ್ಯಕ್ರಮಕ್ಕೂ ಹೋಗಲಾಗಲಿಲ್ಲ. ಹಾಗಾಗಿ ಬರೀ ಉಳಿತಾಯದ ಆಸೆಗೆ ಇದಕ್ಕೆ ಕೈ ಹಾಕಬೇಡಿ. ನನಗೆ ಸಿಕ್ಕ ಲಾಭ ಬೇರೆ. ಈ ಮನೆಯ ಗೋಡೆ ಒಳಗೆ, ನೆಲದ ಕೆಳಗೆ, ಸ್ಲ್ಯಾಬಿನ ಹೊಟ್ಟೆಯಲ್ಲಿ ಏನಿದೆ ಅಂತ ನನಗೆ ಗೊತ್ತು. ಮನೆ ಕಟ್ಟುವ ಕೆಲಸದಲ್ಲಿ ಮುಕ್ಕಾಲು ಪಾಲು ಮುಚ್ಚಿಹೋಗುವ ಕೆಲಸ. ಪಾಯ ಮಣ್ಣಲ್ಲಿ ಮುಚ್ಚುತ್ತೆ, ಸಳಿ (ಕಬ್ಬಿಣದ ರಾಡು) ಕಾಂಕ್ರೀಟಲ್ಲಿ ಮುಚ್ಚುತ್ತೆ, ಪೈಪು ಪ್ಲಾಸ್ಟರಲ್ಲಿ ಮುಚ್ಚುತ್ತೆ. ಮುಚ್ಚೋ ಮುಂಚೆ ಒಬ್ಬರು ನೋಡಬೇಕು. ಕಾಂಟ್ರಾಕ್ಟರ್ ಇಲ್ಲ ಅಂದರೆ ಆ ಒಬ್ಬರು ನೀವೇ.

ಮಾಲು ಅಳೆಯೋದನ್ನ ಮೊದಲು ಕಲಿಯಿರಿ. ಇಲ್ಲಿ ಕ್ರಶ್ ಸ್ಯಾಂಡು (ಕಲ್ಲು ಪುಡಿ ಮಾಡಿದ ಮರಳು), ಖಡಿ (ಜಲ್ಲಿಕಲ್ಲು) ಎಲ್ಲ ಬ್ರಾಸ್ ಲೆಕ್ಕ. ಒಂದು ಬ್ರಾಸ್ ಅಂದರೆ 100 ಘನ ಅಡಿ. ಮೊದಲ ಗಾಡಿ ಬಂದಾಗ ಡ್ರೈವರ್ ಮೂರು ಬ್ರಾಸ್ ಅಂದ, ನಾನು ಸಹಿ ಹಾಕಿ ಕೊಟ್ಟೆ. ಎರಡನೇ ಗಾಡಿಗೆ ಟೇಪು ಹಿಡಿದುಕೊಂಡು ಹತ್ತಿದೆ. ನಡುವೆ ಗುಡ್ಡೆ ಮಾಡಿದ್ದನ್ನ ಸಲಿಕೆಯಿಂದ ಸಮ ಮಾಡಿಸಿ ಅಳೆದರೆ 12 ಅಡಿ ಉದ್ದ, ಆರೂವರೆ ಅಗಲ, ಮೂರಡಿ ಎತ್ತರ. 234 ಘನ ಅಡಿ, ಅಂದರೆ 2.34 ಬ್ರಾಸ್. ಆಮೇಲೆ ಪ್ರತಿ ಗಾಡಿ ಅಳೆದೇ ಖಾಲಿ ಮಾಡಿಸಿದೆ. ಜಗಳ ಮಾಡಲಿಲ್ಲ, ಅಳತೆಗೆ ತಕ್ಕ ದುಡ್ಡು ಕೊಟ್ಟೆ, ಅಷ್ಟೇ. ಇನ್ನೊಂದು, ಒದ್ದೆ ಮರಳು ಉಬ್ಬಿಕೊಂಡಿರುತ್ತೆ, ಒಣ ಮರಳಿಗಿಂತ ಜಾಸ್ತಿ ಕಾಣುತ್ತೆ.

ಸ್ಟೀಲಿಗೂ ಒಂದು ಸುಲಭದ ಲೆಕ್ಕ ಇದೆ. ಸಳಿಯ ದಪ್ಪ ಎಷ್ಟು ಮಿ.ಮೀ. ಇದೆಯೋ ಅದನ್ನ ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆಜಿಯಲ್ಲಿ ಬರುತ್ತೆ. 12 ಮಿ.ಮೀ. ಸಳಿ, 12 ಮೀಟರ್ ಉದ್ದದ್ದು ಒಂದು ಸುಮಾರು 10.67 ಕೆಜಿ. ಗಾಡಿ ವಜನಕಾಟಾ ಚೀಟಿ ತಂದಾಗ ಸಳಿ ಎಣಿಸಿ ಗುಣಿಸಿ ನೋಡಿ. ಐದು ಪರ್ಸೆಂಟಿನ ಹೆಚ್ಚುಕಡಿಮೆ ಆ ದಪ್ಪಕ್ಕೆ ಸಳಿಯ ಭಾರತೀಯ ಮಾನದಂಡ ಐಎಸ್ 1786ರಲ್ಲೇ ಒಪ್ಪಿದೆ, ಅದಕ್ಕೆ ಗಾಬರಿ ಬೇಡ. ಅದಕ್ಕೂ ಮೀರಿದರೆ ಇಳಿಸಿಕೊಳ್ಳಬೇಡಿ.

ಈಗ ಸ್ಲ್ಯಾಬಿನ ದಿನದ ಮಾತು. ಬೆಳಿಗ್ಗೆ ಏಳಕ್ಕೆ ಮಿಕ್ಸರ್, ಲಿಫ್ಟ್ ಮಶೀನ್ ಬಂತು, ಇಪ್ಪತ್ತೆರಡು ಜನ. ನಮ್ಮದು ಎಂ20 ದರ್ಜೆಯ ಕಾಂಕ್ರೀಟ್. ಒಂದು ಚೀಲ ಸಿಮೆಂಟಿಗೆ ಒಂದೂವರೆ ಪಾಲು ಮರಳು, ಮೂರು ಪಾಲು ಖಡಿ. ಇಂಜಿನಿಯರ್ ಹೇಳಿದ್ದು ಚೀಲಕ್ಕೆ 25 ಲೀಟರ್ ನೀರು, ಮರಳು ಒದ್ದೆ ಇದ್ದರೆ ಇನ್ನೂ ಕಡಿಮೆ. ನಾನು ಹನ್ನೆರಡು ಲೀಟರಿನ ಎರಡು ಬಕೆಟ್‌ಗೆ ಕೆಂಪು ಬಣ್ಣ ಹಚ್ಚಿ ಮಿಕ್ಸರಿನ ಪಕ್ಕ ಇಟ್ಟೆ, ಅದರಲ್ಲೇ ಹಾಕಬೇಕು ಅಂದೆ. ಹತ್ತೂವರೆವರೆಗೆ ಸರಿಯಾಗಿತ್ತು. ಬಿಸಿಲು ಏರಿದ ಮೇಲೆ ಮೇಲಿದ್ದವರು "ಮಾಲು ಗಟ್ಟಿ ಬರ್ತಿದೆ, ಸರಿಯೋದಿಲ್ಲ" ಅಂತ ಕೂಗಿದರು. ಕೆಳಗಿದ್ದ ಹುಡುಗ ಪೈಪು ಹಿಡಿದು ಮಿಕ್ಸರಿಗೆ ಸುರ್ರನೆ ಬಿಟ್ಟ. ಘಮೇಲಾದಲ್ಲಿ (ಬಾಂಡ್ಲಿಯಲ್ಲಿ) ಮಾಲು ಗಂಜಿಯಂತೆ ಅಲುಗಾಡುತ್ತಿತ್ತು. ನಾನು ಮಿಕ್ಸರ್ ನಿಲ್ಲಿಸಿದೆ. ಮುಕಾದಮ (ಕೂಲಿಯವರ ಮುಖ್ಯಸ್ಥ) ಸಿಟ್ಟಿಗೆದ್ದರು, ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಮೇಲೆ ವೈಬ್ರೇಟರ್ (ಮಾಲು ಅಲುಗಿಸಿ ಕೂರಿಸೋ ಯಂತ್ರ) ಹಿಡಿಯೋ ಹುಡುಗ ಕೆಲಸ ಗೊತ್ತಿಲ್ಲದವನು ಅಂತ ಗೊತ್ತಾಯ್ತು. ಅವನ ಬದಲು ಬೇರೆಯವರನ್ನ ನಿಲ್ಲಿಸಿದ ಮೇಲೆ ಅದೇ ಗಟ್ಟಿ ಮಾಲು ಚೆನ್ನಾಗಿ ಕೂತಿತು. ನೀರು ಜಾಸ್ತಿಯಾದರೆ ಸುರಿಯೋರಿಗೆ ಸುಲಭ, ಆದರೆ ಆ ನೀರು ಆಮೇಲೆ ಆರಿಹೋಗಿ ಸಣ್ಣ ಸಣ್ಣ ರಂಧ್ರ ಬಿಟ್ಟು ಹೋಗುತ್ತೆ. ಅಲ್ಲಿಂದಲೇ ಸೋರಿಕೆ. ಸಳಿಗೆ ತುಕ್ಕು ಹಿಡಿಯೋದೂ ಅಲ್ಲಿಂದಲೇ.

ನಾನು ಎಡವಿದ್ದನ್ನೂ ಹೇಳಬೇಕು. ಮೇಲಿನ ಬಾತ್‌ರೂಮಿಗೆ ಟೈಲ್ಸಿನವರು ಖಾಲಿ ಇದ್ದಾರೆ, ಈ ವಾರ ಬಿಟ್ಟರೆ ಮುಂದಿನ ತಿಂಗಳೇ ಸಿಗೋದು ಅಂದರು. ಬಿಸಿನೀರಿನ ಪೈಪಿಗೆ ಒತ್ತಡ ಹಾಕಿ ಪರೀಕ್ಷೆ ಮಾಡಿಸಿರಲಿಲ್ಲ. ಆಮೇಲೆ ನೋಡೋಣ ಅಂತ ಟೈಲ್ಸ್ ಹಾಕಿಸಿಬಿಟ್ಟೆ. ನೀರು ಬಿಟ್ಟ ಎರಡು ವಾರಕ್ಕೆ ಕೆಳಗಿನ ಕೋಣೆಯ ಛತ್ತಿನಲ್ಲಿ ತಟ್ಟೆಯಗಲದ ಕಲೆ. ಹನ್ನೊಂದು ಟೈಲ್ಸ್ ಒಡೆದು ನೋಡಿದರೆ ಒಂದು ಎಲ್ಬೋಗೆ ಸಲ್ಯೂಷನ್ನೇ ಹಚ್ಚಿರಲಿಲ್ಲ, ಒಣಗಿದ್ದಂತೆಯೇ ತುರುಕಿ ಇಟ್ಟಿದ್ದರು. ಪ್ಲಂಬರಿನದು ತಪ್ಪು ಹೌದು. ಆದರೆ ಸರದಿ ತಪ್ಪಿಸಿದ್ದು ನಾನು. ಅದೇ ಟೈಲ್ಸ್ ಆಮೇಲೆ ಅಂಗಡಿಯಲ್ಲಿ ಸಿಗಲಿಲ್ಲ. ಈಗಲೂ ಆ ಮೂಲೆಯಲ್ಲಿ ಬಣ್ಣ ಬೇರೆ.

ಮುಂದಿನದ್ದು ಕೇಳಿದರೆ ಹೇಳ್ತೇನೆ.

ಸೈಟ್_ಇಂಜಿನಿಯರ್_ವಿಜಯಪುರ

ತಳೇಗಾವದ ಸರ್ ಬರೆದದ್ದು ಓದಿ ಖುಷಿಯಾಯ್ತು. ನಾನು ಈ ಊರಲ್ಲಿ ಹದಿನೆಂಟು ವರ್ಷದಿಂದ ಸೈಟ್ ನೋಡಿಕೊಳ್ತಿದ್ದೇನೆ. ಒಂದು ಮಾತು ಸ್ಪಷ್ಟ ಮಾಡಬೇಕು. ಕಾಂಟ್ರಾಕ್ಟರನ್ನ ಬಿಡಬಹುದು, ಆರ್ಕಿಟೆಕ್ಟನ್ನ ಮತ್ತು ಸ್ಟ್ರಕ್ಚರಲ್ ಇಂಜಿನಿಯರನ್ನ ಬಿಡುವಂತಿಲ್ಲ. ಪಕ್ಕದ ಮನೆಯ ನಕ್ಷೆ ತಂದು "ಇದರಂತೆಯೇ ಸಳಿ ಕಟ್ಟಿ" ಅನ್ನೋರನ್ನ ನಾನು ತುಂಬ ನೋಡಿದ್ದೇನೆ. ಪಕ್ಕದ ಪ್ಲಾಟಿನ ಮಣ್ಣೇ ಬೇರೆ ಇರಬಹುದು.

ಪರವಾನಗಿ ವಿಷಯ. ಮಹಾರಾಷ್ಟ್ರದಲ್ಲಿ 2020ರ ಡಿಸೆಂಬರಿನಲ್ಲಿ ಯುಡಿಸಿಪಿಆರ್ ಅನ್ನೋ ಏಕರೂಪ ಕಟ್ಟಡ ನಿಯಮ ಬಂದ ಮೇಲೆ ಸಣ್ಣ ಪ್ಲಾಟಿನವರಿಗೆ ಹಗುರಾಗಿದೆ. 150 ಚದರ ಮೀಟರ್‌ವರೆಗಿನ ಪ್ಲಾಟಿಗೆ ನಕ್ಷೆ ಮತ್ತು ಶುಲ್ಕ ಕಟ್ಟಿದ ರಸೀದಿ ಸಲ್ಲಿಸಿದರೆ ಸಾಕು. 150ರಿಂದ 300ರವರೆಗೆ ಹತ್ತು ದಿನದಲ್ಲಿ ಮಂಜೂರಾಗಬೇಕು. ಎರಡು ಗುಂಠೆ ಅಂದರೆ 2,178 ಚದರಡಿ, ಹತ್ತಿರಹತ್ತಿರ 202 ಚದರ ಮೀಟರ್. ನಿಮ್ಮದು ಎರಡನೆಯದರಲ್ಲಿ ಬರುತ್ತೆ. ಅದಕ್ಕೂ ಮುಂಚೆ ಸರ್ಕಾರಿ ಮೋಜಣಿ (ಸರ್ವೆ) ಮಾಡಿಸಿ, ನಾಲ್ಕೂ ಮೂಲೆಗೆ ಕಲ್ಲು ಹಾಕಿಸಿ. ಸಾತ್‌ಬಾರಾ ಉತಾರೆಯಲ್ಲಿ (ಜಮೀನಿನ ಪಹಣಿಯಲ್ಲಿ) ಇರೋ ಕ್ಷೇತ್ರ ಮತ್ತು ನೆಲದ ಮೇಲಿನ ತಂತಿಬೇಲಿ ಎರಡೂ ಒಂದೇ ಅಂತ ನಂಬಬೇಡಿ. ಜೋತಾ (ಪಾಯದ ಮೇಲಿನ ಪ್ಲಿಂತ್) ಮಟ್ಟಕ್ಕೆ ಬಂದಾಗ ತಪಾಸಣೆ, ಕೊನೆಗೆ ಭೋಗವಟಾ ಪ್ರಮಾಣಪತ್ರ (ಆಕ್ಯುಪೆನ್ಸಿ ಸರ್ಟಿಫಿಕೇಟ್). ಕೊನೆಯದನ್ನ ಜನ ಬಿಟ್ಟುಬಿಡ್ತಾರೆ, ಮುಂದೆ ಮಾರುವಾಗ, ಸಾಲ ತಗೊಳ್ಳುವಾಗ ಒದ್ದಾಡ್ತಾರೆ.

ಸಳಿ ಕಟ್ಟಿದ ಮೇಲೆ, ಕಾಂಕ್ರೀಟ್ ಹಾಕೋ ಮುಂಚೆ ಕಾಲಂನ ರಿಂಗುಗಳನ್ನ ನೋಡಿ. ರಿಂಗಿನ ತುದಿ 135 ಡಿಗ್ರಿ ಬಗ್ಗಿ ಕಾಲಂನ ಒಳಗೆ ಹೊಕ್ಕಿರಬೇಕು. ನಮ್ಮ ಫಿಟ್ಟರ್‌ಗಳು ಅವಸರದಲ್ಲಿ 90ಕ್ಕೇ ಮಡಚಿಬಿಡ್ತಾರೆ. ಭೂಮಿ ಅಲುಗಾಡಿದಾಗ ಹೊರಗಿನ ಕಾಂಕ್ರೀಟ್ ಉದುರುತ್ತೆ, 90ರ ಕೊಂಡಿ ಬಿಚ್ಚಿಕೊಳ್ಳುತ್ತೆ, ಒಳಗಿನ ಸಳಿ ಉಬ್ಬುತ್ತೆ. 135ರದು ಹಿಡಿದುಕೊಂಡೇ ಇರುತ್ತೆ. ಕೊಯ್ನಾ ನಮಗೆ ದೂರವಲ್ಲ, 1967ರ ಡಿಸೆಂಬರ್ 11ರ ಭೂಕಂಪವನ್ನ ಹಳಬರು ಇನ್ನೂ ಮರೆತಿಲ್ಲ. ಪಾಯಕ್ಕೆ 50 ಮಿ.ಮೀ., ಕಾಲಂಗೆ 40, ಸ್ಲ್ಯಾಬಿಗೆ 20 ಕವರ್ (ಸಳಿಯ ಹೊರಗಿನ ಕಾಂಕ್ರೀಟ್ ಪದರ) ಬಿಡಿಸಿ. ಅದಕ್ಕೆ ಸಿಮೆಂಟಿನ ಕವರ್ ಬ್ಲಾಕೇ ಇಡಬೇಕು, ಖಡಿ ತುಂಡು, ಟೈಲ್ಸ್ ಚೂರು ಇಡೋಕೆ ಬಿಡಬೇಡಿ.

ಎಂ20ಗಿಂತ ಮೇಲಿನ ದರ್ಜೆ ಇದ್ದರೆ ಪಾಲು ಅಳೆದು ಕಲೆಸೋದು ಕಾಂಕ್ರೀಟಿನ ಮಾನದಂಡ ಐಎಸ್ 456 ಪ್ರಕಾರ ನಡೆಯೋದಿಲ್ಲ, ಮಿಕ್ಸ್ ಡಿಸೈನ್ (ಪರೀಕ್ಷೆ ಮಾಡಿ ನಿಗದಿಸಿದ ಪಾಲು) ಬೇಕು. ಆರ್‌ಎಂಸಿ (ಪ್ಲಾಂಟಿನಲ್ಲೇ ಕಲೆಸಿ ಬರೋ ಕಾಂಕ್ರೀಟ್) ತರಿಸೋದಾದರೆ ಗಾಡಿ ಲೋಡ್ ಆದ ಎರಡು ಗಂಟೆಯೊಳಗೆ ಸೈಟಿಗೆ ಮುಟ್ಟಿ ಖಾಲಿಯಾಗಬೇಕು. ನಗರ ರೋಡಿನ ಟ್ರಾಫಿಕ್ಕು ನಿಮಗೆ ಗೊತ್ತೇ ಇದೆ. ಸಂಜೆ ಸ್ಲ್ಯಾಬ್ ಇಟ್ಟುಕೊಳ್ಳಬೇಡಿ, ಚಲನ್ ಮೇಲಿನ ಸಮಯ ಓದಿ.

ಕಾರವಾರದ_ಅಕ್ಕ_ಡೊಂಬಿವಲಿ

ನಾನು ಬೇಡ ಅನ್ನೋರ ಪರ. ನಾವು ಡೊಂಬಿವಲಿಯಲ್ಲಿದ್ದುಕೊಂಡು ಗೋವಾದ ಕಾಣಕೋಣದಲ್ಲಿ ಕಟ್ಟಿಸಿದೆವು. ಸನದು (ಭೂಪರಿವರ್ತನೆ ಪತ್ರ), ಪಂಚಾಯತಿ ಲೈಸೆನ್ಸು ಎಲ್ಲ ಓಡಾಡಿ ನಾನೇ ಮಾಡಿಸಿದ್ದೆ, ಹಾಗಾಗಿ ಕಟ್ಟಿಸೋದೂ ಆಗುತ್ತೆ ಅಂತ ಧೈರ್ಯ ಬಂತು. ಹದಿನೈದು ದಿನಕ್ಕೊಮ್ಮೆ ಶುಕ್ರವಾರ ರಾತ್ರಿ ಕೊಂಕಣ ರೈಲು ಹತ್ತೋದು, ಭಾನುವಾರ ರಾತ್ರಿ ವಾಪಸ್. ಉಳಿದ ದಿನ ಮೊಬೈಲಿನಲ್ಲಿ ವಿಡಿಯೋ. ವಿಡಿಯೋದಲ್ಲಿ ಗೋಡೆ ನೆಟ್ಟಗೆ ಕಾಣುತ್ತೆ ತಮ್ಮಾ, ಓಳಂಬ (ತೂಗುಗುಂಡು) ಬಿಟ್ಟು ನೋಡಿದಾಗ ಮುಕ್ಕಾಲು ಇಂಚು ವಾಲಿತ್ತು.

ನಮ್ಮ ಗೋಡೆ ಮುರಕಲ್ಲಿನದು. ಕಲ್ಲು ಕಣಿಯಿಂದ ಬಂದಾಗ ಮೆತ್ತಗಿರುತ್ತೆ, ಗಾಳಿ ಬಿಸಿಲಿಗೆ ಬಿಟ್ಟು ಗಟ್ಟಿಯಾದ ಮೇಲೆ ಕಟ್ಟಬೇಕು. ನಮ್ಮತ್ತೆ ಇದನ್ನ ಹೇಳಿದ್ದರು. ನಾವಿಲ್ಲದ ವಾರದಲ್ಲಿ ಲಾರಿಯಿಂದ ಇಳಿಸಿ ನೇರ ಗೋಡೆಗೇ ಏರಿಸಿದ್ದರು. ಜೂನ್ ಬಂತು, ಮಾಡು ಇನ್ನೂ ಆಗಿರಲಿಲ್ಲ. ಕರಾವಳಿಯ ಮಳೆ ಅಂದರೆ ನಿಮ್ಮ ಪುಣೆಯ ಮಳೆ ಅಲ್ಲ. ನಾಲ್ಕು ತಿಂಗಳು ಕೆಲಸ ನಿಂತು, ತೆರೆದ ಗೋಡೆ ನೀರು ಕುಡಿದು ಪಾಚಿ ಹಿಡಿಯಿತು. ಅಕ್ಟೋಬರಿನಲ್ಲಿ ಮೇಲಿನ ಎರಡು ವರಸೆ ತೆಗೆಸಿ ಮತ್ತೆ ಕಟ್ಟಿಸಿದೆ. ದುಡ್ಡಿಗಿಂತ ನನಗೆ ನೋವಾದದ್ದು ಅತ್ತೆ ಆ ಮನೆಯ ಒಳಗೆ ಕಾಲಿಡೋದು ಒಂದು ವರ್ಷ ತಡವಾಯ್ತಲ್ಲ, ಅದಕ್ಕೆ. ಅವರಿಗೆ ಆಗ ಎಂಬತ್ತೊಂದು.

ದಿನಾ ಹೋಗೋಕೆ ಆಗದಿದ್ದರೆ ಮಾಡಬೇಡಿ.

ಹೊಸ_ಪ್ಲಾಟು

ಅಕ್ಕಾ, ಓದಿ ಮನಸ್ಸು ಭಾರ ಆಯ್ತು. ನಾನು ಇರೋದು ಖರಾಡಿ, ಸೈಟಿಗೆ ಬೈಕಲ್ಲಿ ಅರ್ಧ ಗಂಟೆ. ಬೆಳಿಗ್ಗೆ ದಿನಾ ಹೋಗ್ತೀನಿ. ಆದರೆ ಮಧ್ಯಾಹ್ನದ ಮೇಲೆ ಯಾರೂ ಇರೋದಿಲ್ಲ. ಅದಕ್ಕೇನು ಮಾಡೋದು?

ಮುಕಾದಮನ_ಮಗ

ಅಣ್ಣಾರ, ನಾ ಬರೀತೀನಿ. ನಮ್ಮಪ್ಪ ಯಾದಗಿರಿ ಕಡಿಂದ ಪುಣಾಕ್ಕ ಬಂದು ಮೂವತ್ತು ವರ್ಷ ಆತು. ಮೊದಲ ಬಿಗಾರಿ (ಕೂಲಿ), ಆಮ್ಯಾಲ ಗೌಂಡಿ, ಈಗ ಮುಕಾದಮ. ಇಲ್ಲಿ ಸೈಟ್‌ನಾಗ ಅರ್ಧಾ ಮಂದಿ ನಮ್ಮ ಕಡಿಯವರೇ ಅದಾರ, ಕಲಬುರ್ಗಿ, ಯಾದಗಿರಿ, ಬಿಜಾಪುರ. ನೀವು ಕನ್ನಡದಾಗ ಮಾತಾಡಿದ್ರ ಅರ್ಧಾ ಕೆಲಸ ಆದಂಗ.

ಮ್ಯಾಲಿನ ಮಂದಿ ಮಾಲು ಅಳಿಯೂದು ಹೇಳ್ಯಾರ, ಚಲೋ ಐತಿ. ಆದ್ರ ಯಾರೂ ಬಟವಡೆ ಬಗ್ಗೆ ಬರದಿಲ್ಲ. ಕೂಲಿ ಗುತ್ತಿಗಿ ಕೊಟ್ಟೀರಿ ಅಂದ್ರ ವಾರಕ್ಕೊಮ್ಮೆ ರೊಕ್ಕ ಕೊಡಬೇಕ್ರಿ. ಸಂತಿ ದಿನಾನೇ ಕೊಡಬೇಕು, ಮರುದಿನ ಅಲ್ಲ. ಒಮ್ಮೆ ಒಬ್ಬ ಮಾಲಕರು ಬ್ಯಾಂಕಿನ ರೊಕ್ಕ ಬಂದಿಲ್ಲ ಅಂತ ಮೂರು ವಾರ ತಡದ್ರು. ನಮ್ಮಪ್ಪ ಸಾಲಾ ಮಾಡಿ ಮಂದಿಗೆ ಕೊಟ್ಟ, ನಾಲ್ಕನೇ ವಾರ ಹತ್ತು ಮಂದಿ ಬ್ಯಾರೆ ಸೈಟ್‌ಗೆ ಹೋದ್ರು. ಮಾಲಕರು "ನಿನ್ನ ಮಂದಿ ನಂಬಿಗಸ್ತರಲ್ಲ" ಅಂದ್ರು. ಹೊಟ್ಟಿ ಕಾಯೂದಿಲ್ಲರಿ.

ಉಚಲ್ (ಮುಂಗಡ ರೊಕ್ಕ) ಕೊಡೂದಿದ್ರ ಒಂದು ವಹಿಯಾಗ ಬರದು ಇಬ್ಬರೂ ಸಹಿ ಮಾಡ್ರಿ. ಯಾವ ಕೆಲಸಕ್ಕ ಎಷ್ಟು ಅಂತ ಮೊದಲೇ ಬರೀರಿ. ಪಾಯ, ಜೋತಾ, ಕಟ್ಟಡ, ಸ್ಲ್ಯಾಬು, ಪ್ಲಾಸ್ಟರು, ಎಲ್ಲಾ ಬ್ಯಾರೆ ಬ್ಯಾರೆ. ಬಾಲ್ಕನಿ, ಜಿನೆ (ಮೆಟ್ಟಿಲು), ನೀರಿನ ಟಾಕಿ ಚದರಡಿಯಾಗ ಬರ್ತಾವೋ ಇಲ್ಲೋ, ಸೆಂಟ್ರಿಂಗ್ (ಸ್ಲ್ಯಾಬಿನ ಅಚ್ಚು, ಆಧಾರ) ಸಾಮಾನು ಯಾರದು, ಕಾಂಕ್ರೀಟ್ ಹಸಿ ಇಡಾಕ ಕ್ಯೂರಿಂಗ್ ನೀರು ಹೊಡಿಯೂದು ಯಾರು. ಜಗಳಾ ಆಗೂದು ಇವಕ್ಕೇ.

ಮಧ್ಯಾಹ್ನದ ಮ್ಯಾಲಿನ ಮಾತು ಕೇಳಿದಿರಿ. ಸೈಟ್‌ನಾಗ ಒಂದು ಕುಟುಂಬಕ್ಕ ಖೋಲಿ ಮಾಡಿ ಕೊಡ್ರಿ, ಪತ್ರಾ (ತಗಡು) ಹಾಕಿದ್ದು. ಗಂಡ ಹೆಂಡತಿ ಇಬ್ಬರೂ ಇರ್ತಾರ, ಕಾವಲೂ ಆತು, ನೀರೂ ಹೊಡೀತಾರ. ಆದ್ರ ಖೋಲಿ ಜೋಡಿ ಸಂಡಾಸ ಕಟ್ರಿ, ಕುಡಿಯೂ ನೀರು ಇಡ್ರಿ. ನಮ್ಮವ್ವ ಈ ಊರಾಗ ಎಷ್ಟು ಮನಿ ಕಟ್ಟಾಕ ಕಲ್ಲು ಹೊತ್ತಾಳ. ಬೆಳಕು ಹರಿಯೂಕಿಂತ ಮೊದಲ ಬಯಲಿಗೆ ಹೋಗಬೇಕಾಗಿದ್ದು ಆಕಿಗೆ ಇವತ್ತಿಗೂ ಮರೆತಿಲ್ಲ. ಮನಿ ಮುಗಿದ ಮ್ಯಾಲೆ ಕಟ್ಟೂ ಸಂಡಾಸ ಮೊದಲೇ ಕಟ್ಟಿದ್ರ ಏನು ಕಳಕೋತೀರಿ?

ಇನ್ನೊಂದು. ಬಾಂಧಕಾಮ ಕಾಮಗಾರ (ಕಟ್ಟಡ ಕಾರ್ಮಿಕರ) ಮಂಡಳಿಯಾಗ ಹೆಸರು ಹಚ್ಚಾಕ ವರ್ಷದಾಗ 90 ದಿನ ಕೆಲಸ ಮಾಡಿದ ದಾಖಲಿ ಬೇಕು. ಕೆಲಸಕ್ಕ ಹಚ್ಚಿದವರು ಸಹಿ ಮಾಡಿ ಕೊಡಬೇಕು, ಭಾಳ ಮಂದಿ ಮಾಡಂಗಿಲ್ಲ. ನೀವು ಮಾಡಿ ಕೊಡ್ರಿ. ಮಕ್ಕಳ ಸಾಲಿ ರೊಕ್ಕಕ್ಕ ಅದು ಉಪಯೋಗ ಆಗ್ತೈತಿ. ನನಗ ಆಗೇತಿ.

ತಳೇಗಾವದ_ಮನೆ

ಮುಕಾದಮನ ಮಗ ಅವರೇ, ಸಂಡಾಸಿನ ಮಾತು ನಾನು ಬರೆಯಬೇಕಿತ್ತು, ಬರೆಯಲಿಲ್ಲ. ನಾನು ಮೂರು ತಿಂಗಳ ನಂತರ ಕಟ್ಟಿಸಿದೆ, ಅದೂ ನನ್ನ ಹೆಂಡತಿ ಒಂದು ದಿನ ಸೈಟಿಗೆ ಬಂದು ನೋಡಿ ಹೇಳಿದ ಮೇಲೆ. ಮೊದಲ ದಿನವೇ ಆಗಬೇಕಿತ್ತು.

ಇದರ ಜೊತೆ ಕಾರ್ಮಿಕ ಪರಿಹಾರದ ವಿಮೆ ಮಾಡಿಸಿ. ಕಾಂಟ್ರಾಕ್ಟರ್ ಇಲ್ಲ ಅಂದರೆ ಸೆಂಟ್ರಿಂಗ್ ಮೇಲಿಂದ ಯಾರಾದರೂ ಬಿದ್ದರೆ ಜವಾಬ್ದಾರಿ ನೇರ ನಿಮ್ಮ ಮೇಲೆ ಬರುತ್ತೆ. ನಮ್ಮಲ್ಲಿ ಒಬ್ಬರ ಕಾಲಿಗೆ ಮೊಳೆ ಹೊಕ್ಕಿತ್ತು, ಅಷ್ಟಕ್ಕೇ ನಿಂತಿತು. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪಾಸ್‌ಬುಕ್

ಬ್ಯಾಂಕಿನಲ್ಲಿ ಗೃಹಸಾಲ ವಿಭಾಗದಲ್ಲಿದ್ದೆ, ಈಗ ನಿವೃತ್ತ, ಚಿಂಚವಡದಲ್ಲಿ ವಾಸ. ಮೇಲೆ ಬಂದ ಮೂರು ವಾರದ ಬಟವಡೆ ಕಥೆಗೆ ಕಾರಣ ಹೇಳ್ತೇನೆ. ಸ್ವಂತ ಕಟ್ಟಡದ ಸಾಲವನ್ನ ಬ್ಯಾಂಕು ಹಂತ ಹಂತವಾಗಿ ಬಿಡುತ್ತೆ. ಪ್ಲಿಂತ್ ಆಯ್ತು, ಸ್ಲ್ಯಾಬ್ ಆಯ್ತು, ಗೋಡೆ ಆಯ್ತು ಅಂತ ವ್ಯಾಲ್ಯುವರ್ ಬಂದು ನೋಡಿ ವರದಿ ಕೊಟ್ಟ ಮೇಲೆ ದುಡ್ಡು. ಅಂದರೆ ಕೆಲಸ ಮೊದಲು, ಹಣ ಆಮೇಲೆ. ಜೊತೆಗೆ ನಿಮ್ಮ ಪಾಲಿನ ಹಣ ಮೊದಲು ಖರ್ಚಾಗಿರಬೇಕು. ಕಾಂಟ್ರಾಕ್ಟರ್ ಇದ್ದಾಗ ಈ ನಡುವಿನ ಅಂತರವನ್ನ ಅವರು ಅಂಗಡಿಯ ಉದ್ದರಿಯಲ್ಲಿ ತುಂಬಿಕೊಳ್ತಾರೆ. ನಿಮಗೆ ಅಂಗಡಿಯವರು ಉದ್ದರಿ ಕೊಡೋದಿಲ್ಲ. ಆದ್ದರಿಂದ ಒಂದು ಸ್ಲ್ಯಾಬಿನ ಪೂರ್ತಿ ಖರ್ಚು ಮತ್ತು ಆರು ವಾರದ ಬಟವಡೆ ಕೈಯಲ್ಲಿ ಬೇರೆ ಇಟ್ಟುಕೊಂಡೇ ಶುರು ಮಾಡಿ.

ತೆರಿಗೆ ಬಗ್ಗೆ. ನೋಂದಾಯಿತ ಕಾಂಟ್ರಾಕ್ಟರಿಗೆ ಮಾಲು ಸಹಿತ ಕೊಟ್ಟರೆ ಪೂರ್ತಿ ಬಿಲ್ಲಿನ ಮೇಲೆ ಶೇ. 18 ಜಿಎಸ್‌ಟಿ. ಬಿಡಿ ಮನೆಗೆ ಬರೀ ಕೂಲಿಯ ಗುತ್ತಿಗೆ ಕೊಟ್ಟರೆ ಆ ಕೂಲಿಗೆ ವಿನಾಯಿತಿ ಇದೆ. ಮಾಲಿನ ಮೇಲಿನ ತೆರಿಗೆ ಹೇಗೂ ನೀವು ಅಂಗಡಿಯಲ್ಲಿ ಕಟ್ಟುತ್ತೀರಿ. ಸಿಮೆಂಟಿನದು 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ, ಹಳೆಯ ಅಂದಾಜುಪಟ್ಟಿ ಇದ್ದರೆ ತಿದ್ದಿಸಿ. ಪ್ರತಿ ಬಿಲ್ಲು ಇಟ್ಟುಕೊಳ್ಳಿ. ಸಾಲ ಪಡೆದ ಆರ್ಥಿಕ ವರ್ಷದ ಕೊನೆಯಿಂದ ಐದು ವರ್ಷದೊಳಗೆ ಮನೆ ಮುಗಿಯದಿದ್ದರೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಬಡ್ಡಿಗೆ ಸಿಗುವ 2 ಲಕ್ಷದ ವಿನಾಯಿತಿ 30,000ಕ್ಕೆ ಇಳಿಯುತ್ತೆ. ಐದು ವರ್ಷ ಯಾರಿಗೆ ಬೇಕು ಅನ್ನಬೇಡಿ. ಅರ್ಧಕ್ಕೆ ನಿಂತ ಮನೆಗಳ ಫೈಲುಗಳನ್ನ ನಾನು ಕೈಯಾರೆ ನೋಡಿದ್ದೇನೆ.

ಹೊಸ_ಪ್ಲಾಟು

ಎಲ್ಲರಿಗೂ ಶರಣು. ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಮುಕಾದಮನ ಮಗ ಬರೆದದ್ದನ್ನ ಎರಡು ಸಲ ಓದಿಸಿದರು.

ಇವತ್ತು ಪ್ಲಾಟಿನಲ್ಲಿ ಎರಡು ಕಡೆ ಗುಂಡಿ ತೋಡಿಸಿ ನೋಡಿದೆ. ಮೂಡಣ ಮೂಲೆಯಲ್ಲಿ ಮೂರಡಿಗೆ ಮುರುಮು (ಗಟ್ಟಿ ಗರಸು ಮಣ್ಣು) ಸಿಕ್ಕಿತು. ಪಡುವಣದಲ್ಲಿ ಐದೂವರೆ ಅಡಿ ಹೋದರೂ ಎರೆಮಣ್ಣೇ, ಕೈಯಲ್ಲಿ ಹಿಡಿದರೆ ಬೆಣ್ಣೆ ಹಂಗೆ ಅಂಟುತ್ತೆ. ಕಾಂಟ್ರಾಕ್ಟರುಗಳಲ್ಲಿ ಒಬ್ಬರು ನಾಲ್ಕಡಿ ಪಾಯ ಸಾಕು ಅಂದಿದ್ದರು. ಏನು ಮಾಡಲಿ?

ಸೈಟ್_ಇಂಜಿನಿಯರ್_ವಿಜಯಪುರ

ಒಳ್ಳೆ ಕೆಲಸ ಮಾಡಿದಿರಿ. ಎರೆ ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತೆ. ನಮ್ಮ ಕಡೆ ಹೊಲದಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡೋದು ನೋಡಿಲ್ಲವೇ? ಅದರ ಮೇಲೆ ಪಾಯ ಕೂತರೆ ಮನೆಯೂ ಅದರ ಜೊತೆ ಏಳುತ್ತೆ, ಇಳಿಯುತ್ತೆ. ಅದರಲ್ಲೂ ನಿಮ್ಮಲ್ಲಿ ಒಂದು ಕಡೆ ಮುರುಮು, ಇನ್ನೊಂದು ಕಡೆ ಎರೆ. ಒಂದು ಬದಿ ನಿಂತಲ್ಲೇ ನಿಂತು ಇನ್ನೊಂದು ಬದಿ ಅಲುಗಾಡಿದರೆ ಗೋಡೆ ಓರೆಯಾಗಿ ಸೀಳುತ್ತೆ. ಪ್ರತಿ ಕಾಲಂ ಗುಂಡಿಯೂ ಎರೆ ದಾಟಿ ಗಟ್ಟಿ ಮುರುಮು ಅಥವಾ ಕರಿಕಲ್ಲಿಗೆ ಮುಟ್ಟಬೇಕು, ಒಂದೊಂದರ ಆಳ ಬೇರೆ ಬೇರೆ ಆದರೂ ಪರವಾಗಿಲ್ಲ. ಎಲ್ಲಿಯವರೆಗೆ ಅನ್ನೋದು ನಿಮ್ಮ ಸ್ಟ್ರಕ್ಚರಲ್ ಇಂಜಿನಿಯರ್ ಗುಂಡಿಯೊಳಗೆ ಇಳಿದು ನೋಡಿ ಹೇಳಲಿ, ಫೋಟೋ ನೋಡಿ ಅಲ್ಲ. ತೋಡಿದ ಎರೆಯನ್ನ ಜೋತೆಯೊಳಗೆ ವಾಪಸ್ ತುಂಬಿಸೋಕೆ ಬಿಡಬೇಡಿ. ಅಗ್ಗ ಅಂತ ಅದನ್ನೇ ತುಂಬ್ತಾರೆ, ಎರಡು ಮಳೆಗಾಲಕ್ಕೆ ಟೈಲ್ಸ್ ಏಳುತ್ತೆ. ಮುರುಮು ತರಿಸಿ, ಅರ್ಧರ್ಧ ಅಡಿ ಹಾಕಿ, ನೀರು ಹೊಡೆದು, ಧುಮ್ಮಸು ಬಡಿಸಿ.

ಸ್ಲ್ಯಾಬ್ ಆದ ಮೇಲೆ ಸೆಂಟ್ರಿಂಗ್‌ನವರು ಸಾಮಾನು ಬೇರೆ ಸೈಟಿಗೆ ಬೇಕು ಅಂತ ಗೋಗರೀತಾರೆ. ಸ್ಲ್ಯಾಬಿನ ಹರವು ನಾಲ್ಕೂವರೆ ಮೀಟರ್‌ವರೆಗೆ ಇದ್ದರೆ ಆಧಾರಗಳಿಗೆ ಕನಿಷ್ಠ 7 ದಿನ, ಮೇಲಿದ್ದರೆ 14. ಬೀಮು ಆರು ಮೀಟರ್‌ವರೆಗೆ 14, ಅದಕ್ಕೂ ಉದ್ದಕ್ಕೆ 21. ಇದು ಓಪಿಸಿ (ಸಾದಾ) ಸಿಮೆಂಟಿನ ಲೆಕ್ಕ, ಪಿಪಿಸಿ (ಬೂದಿ ಬೆರೆತದ್ದು) ಇದ್ದರೆ ಇನ್ನೂ ತಡೆಯಿರಿ. ನೀರು ಹೊಡೆಯೋದು ಪಿಪಿಸಿಗೆ 10 ದಿನಕ್ಕೆ ಕಡಿಮೆ ಆಗಬಾರದು, 14 ಮಾಡಿದರೆ ಒಳ್ಳೆಯದು. ಸ್ಲ್ಯಾಬಿನ ಮೇಲೆ ಮಡಿ ಕಟ್ಟಿ ನೀರು ನಿಲ್ಲಿಸಿ, ಕಾಲಂಗೆ ಗೋಣಿತಟ್ಟು ಸುತ್ತಿಸಿ.

ಮುಕಾದಮನ_ಮಗ

ಸರ್ ಹೇಳಿದ್ದು ಖರೆ. ಆದ್ರ ಹದಿನಾಲ್ಕು ದಿನ ಸೆಂಟ್ರಿಂಗ್ ತಡದ್ರ ಆ ಮಂದಿಗೆ ಖೋಟಿ (ನಷ್ಟ) ಆಗ್ತೈತಿ. ರೇಟ್ ಮಾಡೂ ಮುಂಚೆನ ಹೇಳ್ರಿ, ಹದಿನಾಲ್ಕು ದಿನ ಬಿಚ್ಚಂಗಿಲ್ಲ ಅಂತ. ಅದರ ಬಾಡಿಗಿ ಸೇರಿಸೇ ರೇಟ್ ಹೇಳ್ತಾರ. ಆಮ್ಯಾಲ ಜಗಳಾ ಇರಂಗಿಲ್ಲ.

ಸೈಟ್_ಇಂಜಿನಿಯರ್_ವಿಜಯಪುರ

ಒಪ್ಪಿದೆ. ಇದನ್ನ ನಾವು ಇಂಜಿನಿಯರುಗಳು ಹೇಳೋದೇ ಇಲ್ಲ.

ಹೊಸ_ಪ್ಲಾಟು

ತೀರ್ಮಾನ ಮಾಡಿದ್ವಿ. ಕೂಲಿ ಗುತ್ತಿಗೆ ಬೇರೆ, ಮಾಲು ನಮ್ಮದು. ಸ್ಟ್ರಕ್ಚರಲ್ ಇಂಜಿನಿಯರ್ ಜೊತೆ ಮಾತಾಡಿದೆ, ಪ್ರತಿ ಕಾಂಕ್ರೀಟಿನ ಹಿಂದಿನ ದಿನ ಬಂದು ನೋಡಿ ಸಹಿ ಮಾಡ್ತಾರೆ, ಅದಕ್ಕೆ ಭೇಟಿಗೆ ಇಷ್ಟು ಅಂತ ಫೀ. ಅಪ್ಪ ಗದಗಿನಿಂದ ಬಂದು ಮಧ್ಯಾಹ್ನದ ಮೇಲೆ ತಾವೇ ಸೈಟಿನಲ್ಲಿ ಕೂರ್ತೀನಿ ಅಂದಿದ್ದಾರೆ. ಬೇಡ ಅಂದವರು ಅವರೇ! ಮೋಜಣಿಗೆ ಅರ್ಜಿ ಕೊಟ್ಟಾಯ್ತು.

ಸಂಡಾಸಿಗೆ ಇಟ್ಟಿಗೆ ಮತ್ತು ಭಾಂಡೆ (ಪ್ಯಾನು) ನಿನ್ನೆ ಬಂತು. ಅಪ್ಪ ಟೇಪು ಹಿಡಿದು ಕಾಯ್ತಿದ್ದಾರೆ, ಮುಕಾದಮನ ಮಗ ಅಣ್ಣ, ನಿಮ್ಮ ತಂದೆಯವರಿಗೆ ನಮ್ಮ ಕಡೆ ಕೆಲಸಕ್ಕೆ ಬರೋಕೆ ಪುರುಸೊತ್ತು ಇದೆಯಾ ಕೇಳಿ ಹೇಳ್ತೀರಾ?

ಮುಕಾದಮನ_ಮಗ

ಈಗ ಹಡಪ್ಸರದಾಗ ಒಂದು ಸ್ಲ್ಯಾಬ್ ಬಾಕಿ ಐತ್ರಿ. ದಸರಾ ಆದ ಮ್ಯಾಲೆ ಖಾಲಿ. ಕೇಳೀನಿ, ಭಾನುವಾರ ಮುಂಜಾನೆ ಬಂದು ಪ್ಲಾಟ್ ನೋಡ್ತೀನಿ ಅಂದಾರ. ಗುಂಡಿ ಮುಚ್ಚಬ್ಯಾಡ್ರಿ, ಅವರೂ ಒಮ್ಮೆ ಇಳದು ನೋಡ್ತಾರ.